ಒರೇಕಲ್‌ನಿಂದ ಮೇನ್‌ಫ್ರೇಮ್‌ನ ಡಿಬಿ2ಗೆ ಗೇಟ್‌ವೇ: ಮೈಸೂರಿನಲ್ಲಿ ಕೂತು ನಾವು ಜೋಡಿಸುವ ಕ್ರಮ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಲೆಕ್ಕಪತ್ರ ನಡೆಸುವ ದೊಡ್ಡ ಕಂಪ್ಯೂಟರ್) ಕೆಲಸ ಮಾಡುವವರಿಗೆ ಆ ಯಂತ್ರ ಎದುರಿಗಿರುವುದಿಲ್ಲ. ಅದು ಗ್ರಾಹಕರ ಡೇಟಾ ಸೆಂಟರಿನಲ್ಲಿ, ಹೆಚ್ಚಾಗಿ ಸಮುದ್ರದಾಚೆ ಇರುತ್ತದೆ. ಇಲ್ಲಿರುವುದು ಲಿನಕ್ಸ್ ಮೇಲಿನ ಒರೇಕಲ್ ಡೇಟಾಬೇಸ್. ರಾತ್ರಿ ಫೈಲ್ ಇಳಿಸಿ ಬೆಳಗ್ಗೆ ಲೋಡ್ ಮಾಡುವ ಹಳೆಯ ಪದ್ಧತಿ ಬಿಟ್ಟು, ಒರೇಕಲ್ ಒಳಗಿನಿಂದಲೇ ಝಡ್‌ಓಎಸ್ ಎಂಬ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಂ ಮೇಲಿನ ಡಿಬಿ2 (ಐಬಿಎಂನ ಡೇಟಾಬೇಸ್) ಟೇಬಲ್‌ಗಳನ್ನು ಓದಬೇಕು ಎಂಬ ಬೇಡಿಕೆ ಬಂದಾಗ ನಾವು ಬಳಸುವುದು ಒರೇಕಲ್ ಡೇಟಾಬೇಸ್ ಗೇಟ್‌ವೇ ಫಾರ್ ಡಿಆರ್‌ಡಿಎ, 19ಸಿ ಆವೃತ್ತಿ. ಗೇಟ್‌ವೇ ಎಂದರೆ ಎರಡು ಡೇಟಾಬೇಸ್‌ಗಳ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಂ, ಡಿಆರ್‌ಡಿಎ ಎಂದರೆ ಡಿಬಿ2 ಹೊರಗಿನವರೊಂದಿಗೆ ಮಾತಾಡುವ ಪ್ರೋಟೋಕಾಲ್. ಇದಕ್ಕೆ ಲೈಸೆನ್ಸ್ ಬೇರೆ. ಡೇಟಾಬೇಸ್ ಲೈಸೆನ್ಸಿನೊಳಗೆ ಬರುವುದು ಓಡಿಬಿಸಿ ಗೇಟ್‌ವೇ ಮಾತ್ರ. ಖರೀದಿ ವಿಭಾಗಕ್ಕೆ ಇದನ್ನು ಮೊದಲೇ ತಿಳಿಸಿಬಿಡಿ.

ದಾರಿ ಹೀಗಿದೆ. ಬಳಕೆದಾರ ಡೇಟಾಬೇಸ್ ಲಿಂಕ್ (ಬೇರೆ ಡೇಟಾಬೇಸಿಗೆ ಹೋಗುವ, ಹೆಸರಿಟ್ಟ ದಾರಿ) ಮೂಲಕ ಕ್ವೆರಿ ಕೊಡುತ್ತಾನೆ. ಒರೇಕಲ್ ತನ್ನ ಟಿಎನ್‌ಎಸ್ ನೇಮ್ಸ್ ಎಂಬ ವಿಳಾಸಗಳ ಫೈಲ್ ನೋಡಿ ಗೇಟ್‌ವೇ ಇರುವ ಯಂತ್ರದ ಲಿಸನರ್‌ಗೆ (ಬರುವ ಸಂಪರ್ಕಗಳಿಗೆ ಕಾದು ಕೂರುವ ಪ್ರೋಗ್ರಾಂ) ಹೋಗುತ್ತದೆ. ಲಿಸನರ್ ಆ ಸೆಷನ್ನಿಗೆಂದೇ ಒಂದು ಏಜೆಂಟ್ ಪ್ರೋಸೆಸ್ ಹುಟ್ಟಿಸುತ್ತದೆ. ಏಜೆಂಟ್ ಡಿಆರ್‌ಡಿಎ ಪ್ರೋಟೋಕಾಲಿನಲ್ಲಿ ಡಿಬಿ2ನಲ್ಲಿ ಹೊರಗಿನ ಸಂಪರ್ಕ ನೋಡಿಕೊಳ್ಳುವ ಡಿಡಿಎಫ್ ಎಂಬ ಭಾಗದೊಂದಿಗೆ ಮಾತಾಡುತ್ತದೆ. ಕೆಟ್ಟರೆ ಇಷ್ಟರಲ್ಲಿ ಯಾವುದೋ ಒಂದು ಕೊಂಡಿ ಕೆಟ್ಟಿರುತ್ತದೆ. ಹಾಗಾಗಿ ನಾವು ಕೆಲಸ ಶುರು ಮಾಡುವುದು ಮೇನ್‌ಫ್ರೇಮ್ ತುದಿಯಿಂದ. ಆ ಕಡೆಯ ವಿವರ ಪೂರ್ತಿ ಕೈಗೆ ಬರುವವರೆಗೆ ಇನ್‌ಸ್ಟಾಲರ್ ಮುಟ್ಟುವುದಿಲ್ಲ.

ಆ ಕಡೆಯ ಸಿಸ್ಟಂ ಪ್ರೋಗ್ರಾಮರ್‌ಗೆ ಮೊದಲು ಕೇಳುವುದು ಡಿಸ್‌ಪ್ಲೇ ಡಿಡಿಎಫ್ ಕಮಾಂಡಿನ ಉತ್ತರ. ಬಾಯಿಮಾತಿನಲ್ಲಿ ಪೋರ್ಟ್ ನಂಬರ್ ಹೇಳಿದರೆ ಸಾಲದು, ಆ ಪರದೆಯ ಪ್ರತಿಯೇ ಬೇಕು. ಡಿಡಿಎಫ್ ಚಾಲೂ ಇದೆಯೇ, ಲೊಕೇಶನ್ ಹೆಸರೇನು (ಹೊರಗಿನವರು ಆ ಡಿಬಿ2ವನ್ನು ಗುರುತಿಸುವ ಹೆಸರು), ಟಿಸಿಪಿ ಪೋರ್ಟ್ ಎಷ್ಟು (ರೂಢಿಯಲ್ಲಿ 446), ಸುರಕ್ಷಿತ ಪೋರ್ಟ್ ಎಷ್ಟು (ರೂಢಿಯಲ್ಲಿ 448), ಐಪಿ ಯಾವುದು, ಎಲ್ಲವೂ ಅದರಲ್ಲಿರುತ್ತದೆ. ಲೊಕೇಶನ್ ಹೆಸರು ಹೆಚ್ಚೆಂದರೆ 16 ಅಕ್ಷರ. ಇದನ್ನು ಡಿಬಿ2 ಸಬ್‌ಸಿಸ್ಟಂನ ನಾಲ್ಕಕ್ಷರದ ಹೆಸರಿನೊಂದಿಗೆ ಗೊಂದಲ ಮಾಡಿಕೊಳ್ಳುವವರು ಬಹಳ. ಗೇಟ್‌ವೇಗೆ ಬೇಕಾದ್ದು ಲೊಕೇಶನ್. ಡೇಟಾ ಶೇರಿಂಗ್ ಗುಂಪಿದ್ದರೆ (ಒಂದೇ ಡೇಟಾ ಹಂಚಿಕೊಳ್ಳುವ ಹಲವು ಡಿಬಿ2ಗಳು) ಒಬ್ಬ ಸದಸ್ಯನ ಐಪಿ ತೆಗೆದುಕೊಳ್ಳದೆ ಗುಂಪಿನ ಐಪಿ ಕೇಳಿ. ಇಲ್ಲದಿದ್ದರೆ ಆ ಒಂದು ಸದಸ್ಯ ನಿರ್ವಹಣೆಗೆ ಇಳಿದ ದಿನ ನಿಮ್ಮ ಲಿಂಕೂ ಇಳಿಯುತ್ತದೆ.

ಫೈರ್‌ವಾಲ್ ತೆರೆದಿದೆ ಎಂಬ ಉತ್ತರ ಬಂದ ಮೇಲೆ, ಗೇಟ್‌ವೇ ಕೂರುವ ಯಂತ್ರದಿಂದಲೇ ಆ ಐಪಿ ಮತ್ತು ಪೋರ್ಟಿಗೆ ಟೆಲ್ನೆಟ್ ಮಾಡಿ ನೋಡುತ್ತೇವೆ. ಸ್ವಂತ ಲ್ಯಾಪ್‌ಟಾಪಿನಿಂದ ಸಿಕ್ಕರೆ ಏನೂ ಸಾಬೀತಾಗುವುದಿಲ್ಲ, ಅದರ ದಾರಿಯೇ ಬೇರೆ.

ಇನ್ನು ಯೂಸರ್ ಐಡಿ. ಆರ್‌ಎಸಿಎಫ್ ಎಂಬ ಮೇನ್‌ಫ್ರೇಮ್ ಭದ್ರತಾ ವ್ಯವಸ್ಥೆಯಲ್ಲಿ ಗೇಟ್‌ವೇಗೆಂದೇ ಪ್ರತ್ಯೇಕ ಐಡಿ ಬೇಕು. ಯಾರದೋ ಟಿಎಸ್‌ಓ ಐಡಿ (ಮೇನ್‌ಫ್ರೇಮಿಗೆ ಲಾಗಿನ್ ಆಗುವ ಸ್ವಂತ ಐಡಿ) ಎರವಲು ಪಡೆಯಬೇಡಿ. ಆ ಐಡಿಗೆ ಪಾಸ್‌ವರ್ಡ್ ಅವಧಿ ಮುಗಿಯದಂತೆ ನೋಇಂಟರ್ವಲ್ ಹಾಕಿಸಬೇಕು, ಅಥವಾ ಬದಲಾಯಿಸುವ ದಿನಾಂಕವನ್ನು ಎರಡೂ ಕಡೆಯವರ ಕ್ಯಾಲೆಂಡರಿನಲ್ಲಿ ಬರೆಸಬೇಕು. ತಪ್ಪು ಪಾಸ್‌ವರ್ಡ್ ಕೆಲವು ಸಲ ಹೋದರೆ ಆರ್‌ಎಸಿಎಫ್ ಐಡಿಯನ್ನು ರಿವೋಕ್ ಮಾಡುತ್ತದೆ. ಲಿಂಕ್ ಬಳಸುವ ಜಾಬ್ ಐದು ನಿಮಿಷಕ್ಕೊಮ್ಮೆ ತಾನೇ ಮರುಪ್ರಯತ್ನ ಮಾಡುವಂಥದ್ದಾದರೆ ಐಡಿ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಆಮೇಲೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ.

ಡಿಬಿ2 ಒಳಗೆ ಆ ಐಡಿಗೆ ಬೇಕಾದ ಹಕ್ಕುಗಳು: ಓದಬೇಕಾದ ಟೇಬಲ್‌ಗಳ ಮೇಲೆ ಸೆಲೆಕ್ಟ್, ಸಿಸ್‌ಐಬಿಎಂ ಕ್ಯಾಟಲಾಗ್ ಟೇಬಲ್‌ಗಳ (ಡಿಬಿ2 ತನ್ನ ಟೇಬಲ್‌ಗಳ ವಿವರ ಇಟ್ಟುಕೊಳ್ಳುವ ಜಾಗ) ಮೇಲೆ ಸೆಲೆಕ್ಟ್, ಬೈಂಡ್‌ಆ್ಯಡ್ (ಹೊಸ ಪ್ಯಾಕೇಜ್ ಬೈಂಡ್ ಮಾಡುವ ಹಕ್ಕು) ಮತ್ತು ಕಲೆಕ್ಷನ್ ಎಂಬ ಪ್ಯಾಕೇಜುಗಳ ಗುಂಪಿನಲ್ಲಿ ಪ್ಯಾಕೇಜ್ ಸೃಷ್ಟಿಸುವ ಹಕ್ಕು. ಪ್ಯಾಕೇಜ್ ಎಂದರೆ ಎಸ್‌ಕ್ಯೂಎಲ್ ಓಡಿಸಲು ಡಿಬಿ2 ಒಳಗೆ ಸಿದ್ಧಪಡಿಸಿಟ್ಟ ರೂಪ, ಅದನ್ನು ಸಿದ್ಧಪಡಿಸುವುದೇ ಬೈಂಡ್. ಗೇಟ್‌ವೇ ಡ್ರೈವರ್ ಮೊದಲ ಸಲ ಕನೆಕ್ಟ್ ಆದಾಗ ತನಗೆ ಬೇಕಾದ ಪ್ಯಾಕೇಜುಗಳನ್ನು ಬೈಂಡ್ ಮಾಡಿಕೊಳ್ಳಬೇಕು. ಹಕ್ಕಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಗ್ರಾಹಕರ ಭದ್ರತಾ ತಂಡ ಬೈಂಡ್‌ಆ್ಯಡ್ ಕೊಡಲು ಹಿಂದೇಟು ಹಾಕಿದರೆ, ಮೊದಲ ಕನೆಕ್ಷನ್ನಿನ ಮಟ್ಟಿಗೆ ಕೊಟ್ಟು ವಾಪಸ್ ಪಡೆಯಿರಿ ಎಂದು ಒಪ್ಪಿಸಬಹುದು.

ಇನ್‌ಸ್ಟಾಲ್ ಕೆಲಸ ಚಿಕ್ಕದು. ಗೇಟ್‌ವೇ ಜಿಪ್ ಫೈಲ್ ಬೇರೆಯೇ ಬರುತ್ತದೆ. ಅದನ್ನು ಡೇಟಾಬೇಸಿನ ಒರೇಕಲ್ ಹೋಮ್‌ನಲ್ಲಿ (ಸಾಫ್ಟ್‌ವೇರ್ ಕೂರುವ ಫೋಲ್ಡರ್) ಹಾಕದೆ ಪ್ರತ್ಯೇಕ ಹೋಮ್‌ನಲ್ಲಿ ಹಾಕಿ, ಪ್ಯಾಚ್ ಹಾಕುವಾಗ ಒಂದರ ಕಾಟ ಇನ್ನೊಂದಕ್ಕಿರುವುದಿಲ್ಲ. ಒರೇಕಲ್ ಯೂಸರ್ ಆಗಿ ರನ್ ಇನ್‌ಸ್ಟಾಲರ್ ಓಡಿಸಿ, ಪಟ್ಟಿಯಲ್ಲಿ ಡಿಆರ್‌ಡಿಎ ಗೇಟ್‌ವೇ ಮಾತ್ರ ಆರಿಸಿ, ಕೇಳಿದಾಗ ಐಪಿ, ಪೋರ್ಟ್, ಲೊಕೇಶನ್ ಕೊಡಿ, ಕೊನೆಗೆ ರೂಟ್ ಸ್ಕ್ರಿಪ್ಟ್ ಓಡಿಸಿ. ಮುಗಿದ ಮೇಲೆ ಬಿನ್ ಫೋಲ್ಡರಿನಲ್ಲಿರುವ ಡಿಜಿ4ಡಿಬಿ2 ಪ್ರೋಗ್ರಾಮನ್ನು ಸುಮ್ಮನೆ ಕಮಾಂಡ್ ಲೈನಿನಲ್ಲಿ ಓಡಿಸಿ ನೋಡಿ. ಆವೃತ್ತಿಯ ಸಾಲು ಮುದ್ರಿಸಿ ಹೊರಬಂದರೆ ಲೈಬ್ರರಿಗಳು ಸರಿಯಿವೆ. ಲೈಬ್ರರಿ ಸಿಗಲಿಲ್ಲ ಎಂದರೆ ಲಿಸನರ್ ಮೂಲಕ ಹೋದರೂ ಅದೇ ಗತಿ.

ಈಗ ಮೂರು ಫೈಲ್. ಇಲ್ಲಿ ನಾನು ಕನ್ನಡದಲ್ಲಿ ಬರೆದಿರುವ ಪ್ಯಾರಾಮೀಟರ್ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕು. ಮೊದಲನೆಯದು ಗೇಟ್‌ವೇ ಹೋಮ್‌ನ ಡಿಜಿ4ಡಿಬಿ2 ಫೋಲ್ಡರಿನ ಅಡ್ಮಿನ್ ಒಳಗಿರುವ ಇನಿಟ್ ಫೈಲ್. ಅದರ ಜೀವಾಳ ಎಚ್‌ಎಸ್ ಎಫ್‌ಡಿಎಸ್ ಕನೆಕ್ಟ್ ಇನ್ಫೋ ಎಂಬ ಒಂದೇ ಸಾಲು: ಐಪಿ, ಕೋಲನ್, ಪೋರ್ಟ್, ಓರೆಗೆರೆ, ಲೊಕೇಶನ್, ಅಲ್ಪವಿರಾಮ, ಕೊನೆಗೆ ಝಡ್‌ಓಎಸ್ ಎಂಬ ಬಗೆ. ಆ ಬಗೆಯ ಜಾಗದಲ್ಲಿ ಐಓಎಸ್ ಎಂದು ಹಾಕಿದರೆ ಐಬಿಎಂ ಐ ಯಂತ್ರ, ಎಲ್‌ಯುಡಬ್ಲ್ಯು ಎಂದರೆ ಲಿನಕ್ಸ್, ಯೂನಿಕ್ಸ್, ವಿಂಡೋಸ್‌ನ ಡಿಬಿ2. ಬೇರೆಲ್ಲೋ ಓಡುತ್ತಿದ್ದ ಫೈಲನ್ನು ನಕಲು ಮಾಡುವವರು ಇದನ್ನು ಬದಲಿಸಲು ಮರೆತರೆ ಕ್ಯಾಟಲಾಗ್ ಕ್ವೆರಿಗಳು ವಿಚಿತ್ರವಾಗಿ ಸೋಲುತ್ತವೆ.

ಎರಡನೆಯದು ಗೇಟ್‌ವೇ ಯಂತ್ರದ ಲಿಸನರ್ ಫೈಲ್. ಎಸ್‌ಐಡಿ ಹೆಸರು (ಗೇಟ್‌ವೇಗೆ ನಾವಿಡುವ ಗುರುತು), ಗೇಟ್‌ವೇಯ ಒರೇಕಲ್ ಹೋಮ್, ಪ್ರೋಗ್ರಾಂ ಡಿಜಿ4ಡಿಬಿ2. ಜೊತೆಗೆ ಎನ್ವ್ಸ್ ಸಾಲಿನಲ್ಲಿ ಲೈಬ್ರರಿ ದಾರಿ: ಗೇಟ್‌ವೇಯ ಡ್ರೈವರ್ ಲಿಬ್ ಫೋಲ್ಡರ್ ಮತ್ತು ಹೋಮ್‌ನ ಲಿಬ್ ಫೋಲ್ಡರ್ ಎರಡೂ. ಎಸ್‌ಐಡಿ ಹೆಸರು ಇನಿಟ್ ಫೈಲಿನ ಹೆಸರಿನ ಬಾಲಕ್ಕೆ ಅಕ್ಷರಶಃ ಹೊಂದಬೇಕು. ಮೂರನೆಯದು ಡೇಟಾಬೇಸ್ ಇರುವ ಯಂತ್ರದ ಟಿಎನ್‌ಎಸ್ ನೇಮ್ಸ್. ಇಲ್ಲಿ ಎಚ್‌ಎಸ್ ಈಕ್ವಲ್ ಟು ಓಕೆ ಎಂಬ ತುಣುಕು ಕನೆಕ್ಟ್ ಡೇಟಾ ಆವರಣದ ಹೊರಗೆ, ಡಿಸ್ಕ್ರಿಪ್ಷನ್ ಆವರಣದ ಒಳಗೆ ಬರಬೇಕು. ಒಂದು ಆವರಣ ಚಿಹ್ನೆ ಹಿಂದುಮುಂದಾದರೆ ಇಡೀ ಸಂಪರ್ಕ ನಿಲ್ಲುತ್ತದೆ. ಆರ್‌ಎಸಿ (ಒಂದೇ ಒರೇಕಲ್ ಡೇಟಾಬೇಸ್ ಹಲವು ಯಂತ್ರಗಳಲ್ಲಿ ಓಡುವ ಏರ್ಪಾಡು) ಇದ್ದರೆ ಎಲ್ಲ ನೋಡುಗಳಲ್ಲೂ ಈ ಸಾಲು ಬೇಕು.

ಟಿಎನ್‌ಎಸ್ ಪಿಂಗ್ ಓಕೆ ಎಂದ ಮಾತ್ರಕ್ಕೆ ನೆಮ್ಮದಿ ಬೇಡ. ಅದು ಲಿಸನರ್‌ವರೆಗೆ ಹೋಗಿ ವಾಪಸ್ ಬರುತ್ತದೆ, ಏಜೆಂಟನ್ನು ಮುಟ್ಟುವುದೇ ಇಲ್ಲ. ಇನಿಟ್ ಫೈಲ್ ತಿದ್ದಿದಾಗ ಲಿಸನರ್ ನಿಲ್ಲಿಸಿ ಎಬ್ಬಿಸುವ ಅಗತ್ಯವಿಲ್ಲ. ಆದರೆ ಹಳೆಯ ಸೆಷನ್ ಹಳೆಯ ಏಜೆಂಟನ್ನೇ ಹಿಡಿದುಕೊಂಡಿರುತ್ತದೆ, ಹೊಸ ಸೆಷನ್ ತೆರೆದು ಪರೀಕ್ಷಿಸಿ.

ಲಿಂಕ್ ಸೃಷ್ಟಿಸುವಾಗ ಯೂಸರ್ ಮತ್ತು ಪಾಸ್‌ವರ್ಡ್ ಎರಡನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಯೂಸರ್ ಐಡಿ ದೊಡ್ಡಕ್ಷರದಲ್ಲೇ ಇರಲಿ. ಪಾಸ್‌ವರ್ಡಿನ ದೊಡ್ಡಕ್ಷರ ಸಣ್ಣಕ್ಷರ ಆ ಕಡೆಯ ಆರ್‌ಎಸಿಎಫ್ ನಿಯಮದಂತೆ. ಒರಾ-02085 ದೋಷ ಬಂದರೆ ಗ್ಲೋಬಲ್ ನೇಮ್ಸ್ ಟ್ರೂ ಆಗಿದೆ, ಲಿಂಕಿನ ಹೆಸರು ಆ ಕಡೆಯ ಡೇಟಾಬೇಸಿನ ಹೆಸರಿಗೆ ಹೊಂದಿಲ್ಲ ಎಂದರ್ಥ.

ದೋಷ ಬಂದಾಗ ನಂಬರ್ ನೋಡಿದರೆ ಯಾವ ಕೊಂಡಿ ಎಂದು ಗೊತ್ತಾಗುತ್ತದೆ. ಒರಾ-12154 ಆದರೆ ಟಿಎನ್‌ಎಸ್ ನೇಮ್ಸ್ ಫೈಲಿನಾಚೆ ಹೋಗಿಯೇ ಇಲ್ಲ. ಒರಾ-28545 ಆದರೆ ಏಜೆಂಟ್ ಎದ್ದಿಲ್ಲ, ಲಿಸನರ್ ಸಾಲು ಅಥವಾ ಲೈಬ್ರರಿ ದಾರಿ ನೋಡಿ. ಒರಾ-28500 ಒಳ್ಳೆಯ ಸುದ್ದಿ: ಏಜೆಂಟ್ ಎದ್ದಿದೆ, ಆ ಕಡೆಯಿಂದ ಬಂದ ಸಂದೇಶ ಅದರ ಕೆಳಗಿನ ಸಾಲಿನಲ್ಲಿದೆ. ಅಲ್ಲಿ ಎಸ್‌ಕ್ಯೂಎಲ್ ಕೋಡ್ ಹುಡುಕಿ. ಮೈನಸ್ 805 ಆದರೆ ಪ್ಯಾಕೇಜ್ ಇಲ್ಲ, ಮೈನಸ್ 551 ಆದರೆ ಹಕ್ಕಿಲ್ಲ, ಮೈನಸ್ 204 ಆದರೆ ಟೇಬಲ್ ಹೆಸರು ಅಥವಾ ಸ್ಕೀಮಾ ತಪ್ಪು, ಮೈನಸ್ 30082 ಆದರೆ ಲಾಗಿನ್ ತಿರಸ್ಕಾರ. ಈ ಕೊನೆಯದಕ್ಕೆ ಮೇನ್‌ಫ್ರೇಮ್ ಸಿಸ್‌ಲಾಗ್‌ನಲ್ಲಿ ಅದೇ ಹೊತ್ತಿನ ಐಸಿಎಚ್408ಐ ಸಂದೇಶ ನೋಡಲು ಹೇಳಿ. ಪಾಸ್‌ವರ್ಡ್ ತಪ್ಪೋ, ಐಡಿ ರಿವೋಕ್ ಆಗಿದೆಯೋ ಎಂದು ಆರ್‌ಎಸಿಎಫ್ ಅಲ್ಲಿ ಬರೆದಿರುತ್ತದೆ. ಯಾವುದೂ ಹೊಳೆಯದಿದ್ದರೆ ಎಚ್‌ಎಸ್ ಎಫ್‌ಡಿಎಸ್ ಟ್ರೇಸ್ ಲೆವೆಲ್ ಅನ್ನು ಡೀಬಗ್‌ಗೆ ಏರಿಸಿ ಲಾಗ್ ಫೋಲ್ಡರ್ ನೋಡಿ. ಕೆಲಸ ಮುಗಿದ ಕೂಡಲೇ ಆಫ್ ಮಾಡಿ, ಇಲ್ಲದಿದ್ದರೆ ಡಿಸ್ಕ್ ತುಂಬುತ್ತದೆ.

ಸಂಪರ್ಕ ಸಿಕ್ಕ ಮೇಲೆ ನಿಜವಾದ ಕೆಲಸ ಅಕ್ಷರಗಳದ್ದು. ಮೇನ್‌ಫ್ರೇಮ್‌ನ ಹಳೆಯ ಟೇಬಲ್‌ಗಳು ಎಬ್‌ಸಿಡಿಕ್ ಎಂಬ ಐಬಿಎಂನ ಅಕ್ಷರ ಸಂಕೇತ ಪದ್ಧತಿಯಲ್ಲಿರುತ್ತವೆ, ಅದರಲ್ಲೂ ಕೋಡ್ ಸೆಟ್ 37, 500, 1047 ಹೀಗೆ ಪ್ರಭೇದಗಳು. ಅಕ್ಷರ, ಅಂಕಿ ಮೂರರಲ್ಲೂ ಒಂದೇ, ಚಿಹ್ನೆಗಳು ಬೇರೆ. 37ರಲ್ಲಿ 4ಎಫ್ ಬೈಟ್ ನಿಲುಗೆರೆ, ಅದೇ ಬೈಟ್ 500ರಲ್ಲಿ ಆಶ್ಚರ್ಯಸೂಚಕ. ನಿಲುಗೆರೆಯನ್ನು ವಿಭಾಜಕವಾಗಿ ಬಳಸಿದ ಟೆಕ್ಸ್ಟ್ ಕಾಲಂ ಬೇರೆ ಕೋಡ್ ಸೆಟ್ಟಿನ ಗುರುತಿನಡಿ ಶೇಖರವಾಗಿದ್ದರೆ ಒರೇಕಲ್‌ನಲ್ಲಿ ಅದನ್ನು ಒಡೆಯುವ ಕೋಡ್ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಇನಿಟ್ ಫೈಲಿನ ಎಚ್‌ಎಸ್ ಲ್ಯಾಂಗ್ವೇಜ್‌ನಲ್ಲಿ ಒರೇಕಲ್ ಡೇಟಾಬೇಸಿನ ಅಕ್ಷರ ಸೆಟ್ಟನ್ನೇ, ಅಂದರೆ ಸಾಮಾನ್ಯವಾಗಿ ಎಎಲ್32ಯುಟಿಎಫ್8 ಅನ್ನು ಕೊಡಿ.

ಕನ್ನಡ ಬರೆಯುವ ಉದ್ದೇಶವಿದ್ದರೆ ಇನ್ನೂ ಎಚ್ಚರ ಬೇಕು. 37, 500, 1047 ಈ ಯಾವುದರಲ್ಲೂ ಕನ್ನಡಕ್ಕೆ ಜಾಗವಿಲ್ಲ. ಅಂಥ ಕಾಲಂಗೆ ಮಂಡ್ಯ ಎಂದು ಕನ್ನಡದಲ್ಲಿ ಕಳಿಸಿದರೆ ಡಿಬಿ2 ಅಕ್ಷರಗಳ ಬದಲು 3ಎಫ್ ಎಂಬ ಬದಲಿ ಬೈಟ್ ಬರೆಯುತ್ತದೆ. ವಾಪಸ್ ಓದಿದಾಗ ಅದು 1ಎ ಆಗಿ ಬರುತ್ತದೆ, ಪರದೆಯಲ್ಲಿ ಏನೂ ಕಾಣದಿರಬಹುದು. ಒರೇಕಲ್‌ನ ಡಂಪ್ ಫಂಕ್ಷನ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಹೋದ ಅಕ್ಷರ ಮರಳಿ ಸಿಗುವುದಿಲ್ಲ. ಆದ್ದರಿಂದ ಕನ್ನಡದ ಟೇಬಲ್‌ಗಳು ಯೂನಿಕೋಡ್ ಸಿಸಿಎಸ್‌ಐಡಿಯಲ್ಲೇ (ಕೋಡ್ ಸೆಟ್ಟಿನ ಗುರುತು ಸಂಖ್ಯೆ) ಹುಟ್ಟಬೇಕು. ಉದ್ದವನ್ನೂ ಲೆಕ್ಕ ಹಾಕಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್, ಒತ್ತು, ಗುಣಿತದ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ. ಮೈಸೂರು 18 ಬೈಟ್, ಮಂಡ್ಯ 15, ಶ್ರೀರಂಗಪಟ್ಟಣ 36. ಇಂಗ್ಲಿಷಿನಲ್ಲಿ ಊರ ಹೆಸರಿಗೆ ಧಾರಾಳ ಎನಿಸಿದ್ದ 30ರ ವಾರ್‌ಚಾರ್ ಕಾಲಂನಲ್ಲಿ ಶ್ರೀರಂಗಪಟ್ಟಣ ಹಿಡಿಯುವುದಿಲ್ಲ.

ವಿಂಗಡಣೆಯೂ ಬೇರೆ. ಎಬ್‌ಸಿಡಿಕ್‌ನಲ್ಲಿ ಸಣ್ಣಕ್ಷರ ಮೊದಲು, ಆಮೇಲೆ ದೊಡ್ಡಕ್ಷರ, ಕೊನೆಗೆ ಅಂಕಿ. ಒರೇಕಲ್‌ನ ಬೈನರಿ ವಿಂಗಡಣೆಯಲ್ಲಿ ಅಂಕಿ ಮೊದಲು. ಎರಡೂ ಕಡೆ ವಿಂಗಡಿಸಿದ ಸಾಲುಗಳನ್ನು ಸಾಲಿಗೆ ಸಾಲು ಹೋಲಿಸುವ ತಾಳೆ ಪ್ರೋಗ್ರಾಂ ಇದ್ದರೆ ವಿಂಗಡಣೆಯನ್ನು ಒಂದೇ ಕಡೆ ಮಾಡಿಸಿ. ಖಾಲಿ ಸ್ಟ್ರಿಂಗ್ ಒರೇಕಲ್‌ಗೆ ನಲ್, ಡಿಬಿ2ಗೆ ಖಾಲಿ ಸ್ಟ್ರಿಂಗೇ. ನಾಟ್ ನಲ್ ಕಾಲಂಗೆ ಅದನ್ನು ಬರೆಯಹೋದರೆ ಮೈನಸ್ 407 ಬರುತ್ತದೆ. ಅಲ್ಲಿ ಒಂದು ಸ್ಪೇಸ್ ಬರೆಯುವುದು ನಮ್ಮ ರೂಢಿ.

ವೇಗಕ್ಕೆ ಬರೋಣ. ಅಮೆರಿಕದ ಪೂರ್ವ ತೀರಕ್ಕೆ ಒಂದು ಹೋಗಿಬರುವಿಕೆ 200 ಮಿಲಿಸೆಕೆಂಡಿನ ಆಸುಪಾಸು ಎಂದಿಟ್ಟುಕೊಳ್ಳಿ. ಡೇಟಾಬೇಸಿಗೂ ಏಜೆಂಟಿಗೂ ನಡುವೆ ಒಂದು ಸಲಕ್ಕೆ ಎಷ್ಟು ಬೈಟ್ ಎಂಬುದನ್ನು ಎಚ್‌ಎಸ್ ಆರ್‌ಪಿಸಿ ಫೆಚ್ ಸೈಜ್ ತೀರ್ಮಾನಿಸುತ್ತದೆ, ಮೂಲ ಬೆಲೆ 50,000. ಸಾಲು 200 ಬೈಟ್ ಇದ್ದರೆ ಒಂದು ಸಲಕ್ಕೆ 250 ಸಾಲು. ಗೇಟ್‌ವೇಯನ್ನು ಮೇನ್‌ಫ್ರೇಮ್ ಪಕ್ಕದಲ್ಲಿಟ್ಟಿದ್ದರೆ 1 ಲಕ್ಷ ಸಾಲಿಗೆ 400 ಸಲ, ಅಂದರೆ ಬರೀ ಕಾಯುವುದಕ್ಕೇ 80 ಸೆಕೆಂಡ್. ಬೆಲೆ ನಾಲ್ಕು ಪಟ್ಟು ಮಾಡಿದರೆ 20 ಸೆಕೆಂಡಿಗೆ ಇಳಿಯುತ್ತದೆ. ಆದರೆ ಅಷ್ಟು ತುಂಬುವವರೆಗೆ ಮೊದಲ ಸಾಲು ಬರುವುದಿಲ್ಲ. ಪರದೆಯ ಮುಂದೆ ಕಾಯುವ ಬಳಕೆದಾರನಿಗೆ ಒಂದು ಎಸ್‌ಐಡಿ, ದೊಡ್ಡ ಲೋಡಿಗೆ ಬೇರೆ ಇನಿಟ್ ಫೈಲಿನ ಇನ್ನೊಂದು ಎಸ್‌ಐಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಲಾಭ ಇರುವುದು ಆ ಕಡೆಗೆ ಹೋಗುವ ಎಸ್‌ಕ್ಯೂಎಲ್‌ನಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ತೂಬಿನಲ್ಲೇ ತಡೆಯುವಂತೆ ಸಾಲುಗಳನ್ನೂ ಡಿಬಿ2ನಲ್ಲೇ ತಡೆಯಬೇಕು. ತಿಂಗಳನ್ನು ಟು ಚಾರ್ ಹಾಕಿ 202403ಕ್ಕೆ ಹೋಲಿಸಿದರೆ, ಗೇಟ್‌ವೇ ಆ ಫಂಕ್ಷನ್ನನ್ನು ಆಚೆ ಕಳಿಸದೆ ಇಡೀ ಟೇಬಲ್ ಎಳೆದು ಇಲ್ಲಿ ಸೋಸುವ ಸಂಭವವಿದೆ. ಅದೇ ಷರತ್ತನ್ನು ಮಾರ್ಚ್ 1ಕ್ಕೆ ಸಮ ಅಥವಾ ಹೆಚ್ಚು, ಏಪ್ರಿಲ್ 1ಕ್ಕಿಂತ ಕಡಿಮೆ ಎಂದು ಬರೆದರೆ ಡಿಬಿ2 ತನ್ನ ಇಂಡೆಕ್ಸ್ ಬಳಸುತ್ತದೆ. ಊಹೆ ಬೇಡ: ಎಕ್ಸ್‌ಪ್ಲೇನ್ ಪ್ಲಾನ್ ತೆಗೆದು ರಿಮೋಟ್ ಎಸ್‌ಕ್ಯೂಎಲ್ ಭಾಗ ಓದಿ, ವೇರ್ ಷರತ್ತು ಅಲ್ಲಿ ಕಾಣಲೇಬೇಕು. ಕಾಣದಿದ್ದರೆ ಡಿಬಿ2 ಕಡೆಯಲ್ಲೇ ಒಂದು ವ್ಯೂ ಮಾಡಿಸಿ, ಅಥವಾ ಡಿಬಿಎಂಎಸ್ ಎಚ್‌ಎಸ್ ಪಾಸ್‌ಥ್ರೂ ಮೂಲಕ ಡಿಬಿ2ನದೇ ಭಾಷೆಯಲ್ಲಿ ಕ್ವೆರಿ ಕಳಿಸಿ.

ಲಾಕ್‌ಗಳ (ಒಬ್ಬರು ಬಳಸುತ್ತಿರುವ ಸಾಲಿಗೆ ಇನ್ನೊಬ್ಬರನ್ನು ಬಿಡದ ತಡೆ) ವಿಷಯದಲ್ಲಿ ಮೈಸೂರಿನ ಗಡಿಯಾರವೂ ಲೆಕ್ಕಕ್ಕೆ ಬರುತ್ತದೆ. ನ್ಯೂಯಾರ್ಕಿನಲ್ಲಿ ರಾತ್ರಿ 10 ಆದಾಗ ನಮಗೆ ಚಳಿಗಾಲದಲ್ಲಿ ಬೆಳಗ್ಗೆ 8.30, ಬೇಸಿಗೆಯಲ್ಲಿ 7.30. ಅಂದರೆ ನಮ್ಮವರು ಬಂದು ಕೂತು ವರದಿ ತೆಗೆಯುವ ಹೊತ್ತಿಗೆ ಅಲ್ಲಿ ರಾತ್ರಿ ಬ್ಯಾಚ್ ಭರಾಟೆಯಲ್ಲಿರುತ್ತದೆ. ಮೈನಸ್ 911 ಅಥವಾ 913 ಬಂದು, ಕಾರಣ ಸಂಖ್ಯೆ 00ಸಿ9008ಇ ಇದ್ದರೆ ಲಾಕ್ ಕಾದು ಸಮಯ ಮೀರಿದೆ, 00ಸಿ90088 ಇದ್ದರೆ ಡೆಡ್‌ಲಾಕ್, ಅಂದರೆ ಇಬ್ಬರು ಒಬ್ಬರ ಲಾಕಿಗೆ ಇನ್ನೊಬ್ಬರು ಕಾದು ಕೂತಿದ್ದಾರೆ. ಬ್ಯಾಚ್ ಪಟ್ಟಿ ತರಿಸಿಕೊಂಡು ವರದಿಯ ವೇಳೆ ಬದಲಿಸಿ. ಅಂದಾಜು ಅಂಕಿಗಳು ಸಾಕಾಗುವ ವರದಿಗೆ ಮಾತ್ರ ಪಾಸ್‌ಥ್ರೂನಲ್ಲಿ ವಿತ್ ಯುಆರ್ (ಇನ್ನೂ ಕಮಿಟ್ ಆಗದ ಬದಲಾವಣೆಗಳನ್ನೂ ಓದುವ ಸೂಚನೆ) ಬಳಸಿ. ಹಣದ ತಾಳೆಗೆ ಅದು ಸಲ್ಲದು.

ಲಿಂಕ್ ಮೇಲೆ ಬರೀ ಸೆಲೆಕ್ಟ್ ಮಾಡಿದರೂ ಒರೇಕಲ್‌ನಲ್ಲಿ ಟ್ರಾನ್ಸಾಕ್ಷನ್ ಶುರುವಾಗಿರುತ್ತದೆ, ಆ ಕಡೆ ಥ್ರೆಡ್ (ನಮ್ಮ ಸಂಪರ್ಕಕ್ಕೆ ಡಿಬಿ2 ಮೀಸಲಿಟ್ಟ ಕೆಲಸದ ಎಳೆ) ತೆರೆದೇ ಇರುತ್ತದೆ. ಪ್ರೋಗ್ರಾಮುಗಳಲ್ಲಿ ಓದು ಮುಗಿದ ಕೂಡಲೇ ಕಮಿಟ್ ಕೊಟ್ಟು, ಆಲ್ಟರ್ ಸೆಷನ್ ಕ್ಲೋಸ್ ಡೇಟಾಬೇಸ್ ಲಿಂಕ್ ಬರೆಯಿರಿ. ಬಿಟ್ಟರೆ ಡಿಬಿ2ನ ಐಡಲ್ ಥ್ರೆಡ್ ಮಿತಿ, ಮೂಲ ಬೆಲೆ 120 ಸೆಕೆಂಡ್, ಅದನ್ನು ಕಡಿಯುತ್ತದೆ: ಆ ಕಡೆ ಲಾಗ್‌ನಲ್ಲಿ ಡಿಎಸ್‌ಎನ್‌ಎಲ್027ಐ ಸಂದೇಶ, ಕಾರಣ 00ಡಿ3003ಬಿ, ಈ ಕಡೆ ಮುಂದಿನ ಕ್ವೆರಿಗೆ ಸಂಪರ್ಕ ಕಡಿದ ದೋಷ. ಈ ಎರಡು ಸಂದೇಶ ಒಂದೇ ಹೊತ್ತಿನವಾದರೆ ನೆಟ್‌ವರ್ಕ್ ತಂಡವನ್ನು ಎಬ್ಬಿಸಬೇಡಿ, ಕಮಿಟ್ ಇಲ್ಲದ ಪ್ರೋಗ್ರಾಂ ಯಾವುದೆಂದು ಹುಡುಕಿ.