ಏಳು ಹಾಡುಗಳ ಗ್ರಾಮಫೋನ್ ತಟ್ಟೆ

ಬಿಲ್ಲಿ ಬ್ರ್ಯಾಗ್ ಅವರ ಹಾಡು ನನಗೆ ಸಿಕ್ಕಿದ್ದು ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳನ್ನು ಹುಡುಕುತ್ತಿದ್ದಾಗ. ದೇವರಾಜ ಮಾರುಕಟ್ಟೆಯ ಸಮೀಪ ಹಳೆಯ ಸಾಮಾನು ಮಾರುವವರೊಬ್ಬರಿಂದ ಕೊಂಡ ಕ್ಯಾಸೆಟ್ಟುಗಳ ಕಟ್ಟಿನಲ್ಲಿ ಹೆಸರು ಬರೆಯದ ಒಂದು ಕ್ಯಾಸೆಟ್ಟೂ ಇತ್ತು. ಹಾಕಿ ಕೇಳಿದರೆ ಅದರಲ್ಲಿ ಡ್ರಮ್ಸ್ ಇರಲಿಲ್ಲ, ವಾದ್ಯವೃಂದವಿರಲಿಲ್ಲ. ಒಂದೇ ಒಂದು ಎಲೆಕ್ಟ್ರಿಕ್ ಗಿಟಾರನ್ನು ಒರಟಾಗಿ ಮೀಟುತ್ತ ಯಾರೋ ಗಂಟಲೆತ್ತಿ ಹಾಡುತ್ತಿದ್ದರು. ಮಂಡ್ಯದಲ್ಲಿ ರೈತ ಚಳವಳಿಯ ಸಭೆಗಳಲ್ಲಿ ತಮಟೆಯೊಂದನ್ನೇ ನೆಚ್ಚಿಕೊಂಡು ಹಾಡುತ್ತಿದ್ದ ಹೋರಾಟದ ಹಾಡುಗಳನ್ನು ಕೇಳಿ ಬೆಳೆದ ನನಗೆ ಆ ಧಾಟಿ ಹೊಸದೆನಿಸಲಿಲ್ಲ. ಹಾಡನ್ನು ಗುರುತಿಸುವ ಆ್ಯಪ್‌ಗೆ ಕೇಳಿಸಿದಾಗ ಹಾಡುಗಾರರ ಹೆಸರು ತಿಳಿಯಿತು.

ಲಂಡನ್ನಿನ ಪೂರ್ವದಂಚಿನ ಬಾರ್ಕಿಂಗ್‌ನಲ್ಲಿ 1957ರಲ್ಲಿ ಹುಟ್ಟಿದ ಬ್ರ್ಯಾಗ್, 1981ರಲ್ಲಿ ಸೈನ್ಯ ಸೇರಿ, ಕೆಲವೇ ತಿಂಗಳಲ್ಲಿ 175 ಪೌಂಡ್ ಕಟ್ಟಿ ಬಿಡುಗಡೆ ಪಡೆದು ಹಾಡುವುದಕ್ಕೆ ಮರಳಿದವರು. ಪಂಕ್ ಸಂಗೀತದ ಒರಟುತನವನ್ನೂ ಊರೂರು ತಿರುಗುವ ಜನಪದ ಗಾಯಕನ ಒಂಟಿತನವನ್ನೂ ಕೂಡಿಸಿದ ಅವರ ಮೊದಲ ಸೋಲೋ ರೆಕಾರ್ಡ್ ‘ಲೈಫ್ಸ್ ಎ ರಯಟ್ ವಿತ್ ಸ್ಪೈ ವರ್ಸಸ್ ಸ್ಪೈ’ 1983ರಲ್ಲಿ ಬಂತು. ಅದರಲ್ಲಿರುವುದು ಏಳೇ ಹಾಡು, ಒಟ್ಟು ಸುಮಾರು 16 ನಿಮಿಷ.

ಆ ರೆಕಾರ್ಡನ್ನೇ ಹುಡುಕಬೇಕೆಂದು ನನಗೆ ಹಟ ಹಿಡಿಸಿದ್ದು ಒಂದು ನಿಜಸಂಗತಿ. ಬಿಬಿಸಿ ರೇಡಿಯೋದ ಜಾನ್ ಪೀಲ್ ತಮಗೆ ಹಸಿವಾಗಿದೆಯೆಂದು ಪ್ರಸಾರದಲ್ಲಿ ಹೇಳಿದ್ದನ್ನು ಕೇಳಿದ ಬ್ರ್ಯಾಗ್, ಅಣಬೆ ಬಿರಿಯಾನಿಯ ಜೊತೆಗೆ ತಮ್ಮ ಗ್ರಾಮಫೋನ್ ತಟ್ಟೆಯನ್ನೂ ಒಯ್ದು ಕೊಟ್ಟರು. ಪೀಲ್ ಅದರ ಹಾಡೊಂದನ್ನು ಅದೇ ರಾತ್ರಿ ನುಡಿಸಿದರು, ಆದರೆ ತಪ್ಪು ವೇಗದಲ್ಲಿ. ನಮ್ಮ ಮನೆಗಳ ಹನ್ನೆರಡು ಇಂಚಿನ ಎಲ್.ಪಿ.ಗಳು ಸಾಮಾನ್ಯವಾಗಿ ನಿಮಿಷಕ್ಕೆ 33⅓ ಸುತ್ತು ತಿರುಗುವಂಥವು. ಈ ತಟ್ಟೆ ಅಷ್ಟೇ ಅಗಲವಿದ್ದರೂ 45ರಲ್ಲಿ ತಿರುಗಬೇಕು. ಹಾಡುಗಳು ಕಡಿಮೆಯಿರುವುದರಿಂದ ಗೆರೆಗಳಿಗೆ ಧಾರಾಳವಾಗಿ ಜಾಗ ಸಿಗುತ್ತದೆ, ಮುಳ್ಳಿನಡಿ ಗೆರೆ ವೇಗವಾಗಿ ಹರಿಯುವುದರಿಂದ ತಂತಿಯ ಚುರುಕು ಮಾಸದೆ ಉಳಿಯುತ್ತದೆ. ಕ್ಯಾಸೆಟ್ಟಿನಲ್ಲಿ ಮಂಕಾಗಿ ಕೇಳಿಸಿದ ಗಿಟಾರಿನ ಪ್ರತಿ ಹೊಡೆತ ಇಲ್ಲಿ ಬಿಡಿಬಿಡಿಯಾಗಿ ಕಿವಿಗೆ ತಾಕುತ್ತದೆ.

ಇದನ್ನು ಮೊದಲು ಯುಟಿಲಿಟಿ, ಆಮೇಲೆ ಗೋ ಡಿಸ್ಕ್ಸ್ ಕಂಪನಿಗಳು ಹೊರತಂದವು. ಅಗ್ಗದ ಪುಸ್ತಕದ ರಕ್ಷಾಪುಟದಂತೆ ಬಾರ್ನಿ ಬಬಲ್ಸ್ ರೂಪಿಸಿದ ಹೊದಿಕೆಯ ಮೇಲೆ 2.99 ಪೌಂಡ್‌ಗಿಂತ ಹೆಚ್ಚು ಕೊಡಬೇಡಿರೆಂದು ಅಚ್ಚಾಗಿದೆ. ಕೇಳುಗನ ಜೇಬನ್ನು ಇಷ್ಟು ಗೌರವಿಸಿದ ಮುದ್ರಿಕೆಯನ್ನು ಗಾಜಿನ ಚೌಕಟ್ಟಿಗೆ ಹಾಕಿ ಗೋಡೆಗೇರಿಸುವುದು ನನಗೆ ಸರಿಕಾಣದು. ಅದನ್ನು ಕೊಂಡದ್ದು ಕೇಳುವುದಕ್ಕೆ. ಇಂಗ್ಲೆಂಡಿನ ಮಾರಾಟಗಾರರೊಬ್ಬರಿಗೆ ಬರೆದು, ಮಧ್ಯದ ಕಾಗದದ ಪಕ್ಕ, ಹಾಡು ಮುಗಿದ ಖಾಲಿ ಜಾಗದಲ್ಲಿ ಕೆತ್ತಿರುವ ಅಕ್ಷರ ಮತ್ತು ಅಂಕಿಗಳ ಚಿತ್ರ ತರಿಸಿಕೊಂಡೆ. ಯಾವ ಅಚ್ಚಿನದೆಂದು ತಿಳಿಯಲು ಹೊದಿಕೆಗಿಂತ ಅದೇ ನಂಬಲರ್ಹ. ತಟ್ಟೆಯನ್ನು ಹೊದಿಕೆಯಿಂದ ಹೊರತೆಗೆದು, ಎರಡನ್ನೂ ಗಟ್ಟಿ ರಟ್ಟುಗಳ ನಡುವೆ ಬೇರೆಬೇರೆಯಾಗಿಟ್ಟು ಕಳುಹಿಸಬೇಕೆಂದೂ ಕೇಳಿಕೊಂಡೆ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿದಾಗ ತಟ್ಟೆಯ ಅಂಚು ಹೊದಿಕೆಯ ಅಂಟನ್ನು ಸೀಳಿಬಿಡುತ್ತದೆ. ಸಾಗಣೆ ಮತ್ತು ಸುಂಕದ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮನೆಯಲ್ಲಿದ್ದ ಹಳೆಯ ಪೆಟ್ಟಿಗೆ ಪ್ಲೇಯರಿನ ಭಾರವಾದ ಮುಳ್ಳನ್ನು ಇದರ ಮೇಲಿಡಲು ಮನಸ್ಸಾಗದೆ, ಸುಮಾರು ಎರಡು ಗ್ರಾಂ ಒತ್ತಡಕ್ಕೆ ಹೊಂದಿಸಬಹುದಾದ ಟರ್ನ್‌ಟೇಬಲ್ ಕೊಂಡೆ. ಧೂಳಿದ್ದರೆ ಭಟ್ಟಿ ಇಳಿಸಿದ ನೀರಿಗೆ ತುಸು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಗಳ ಗುಂಟ ಒರೆಸುತ್ತೇನೆ. ಅಜ್ಜನ ಕಾಲದ 78ರ ವೇಗದ ತಟ್ಟೆಗಳಿಗೆ ಮಾತ್ರ ಈ ದ್ರಾವಣವನ್ನು ಯಾರೂ ತಾಕಿಸಬಾರದು, ಏಕೆಂದರೆ ಅವುಗಳಲ್ಲಿರುವ ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.