ಬಸುರಿಯರಿಗೆ ತಲೆ ಸುತ್ತು ಬಂದರೆ
ಐದನೇ ತಿಂಗಳಲ್ಲಿ ಕಾಫಿ ಕುಯ್ಯುತ್ತಿದ್ದಾಗ ಕಣ್ಣು ಕತ್ತಲೆ ಬಂದು ಗಿಡದ ಬುಡದಲ್ಲೇ ಕೂತುಬಿಟ್ಟೆ. ಮಗುವಿಗೆ ಏನಾಯ್ತೋ ಅಂತ ಜೀವವೇ ಹೋದಂತಾಯ್ತು. ಬಸುರಿಯಲ್ಲಿ ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ತಲೆ ಸುತ್ತಿದರೆ ಸಾಮಾನ್ಯವಾಗಿ ಮಗುವಿಗೆ ತೊಂದರೆಯಿಲ್ಲ, ಬೀಳಬಾರದು ಅಷ್ಟೆ. ತಕ್ಷಣ ಕೂತುಕೊಳ್ಳಿ, ಇಲ್ಲವೇ ಎಡಮಗ್ಗುಲಿಗೆ ಮಲಗಿ.

ಆದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಜಾಸ್ತಿ ಇಳಿದರೆ ಮಗುವಿನ ತೂಕಕ್ಕೂ ಪೆಟ್ಟು. ನಮ್ಮ ಕೊಡಗಿನಲ್ಲಿ ಬೆಲ್ಲದ ಕಾಫಿ ಇಲ್ಲದೆ ದಿನ ಶುರುವಾಗಲ್ಲ ಅಲ್ವಾ? ಕಬ್ಬಿಣದ ಮಾತ್ರೆಯನ್ನು ಮಾತ್ರ ಅದರ ಜೊತೆ ನುಂಗಬೇಡಿ, ಮೈಗೆ ಹತ್ತಲ್ಲ. ಎರಡು ಗಂಟೆ ಅಂತರವಿರಲಿ. ನಿಂಬೆ ನೀರಿನ ಜೊತೆ ಒಳ್ಳೆಯದು.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಪ್ರಜ್ಞೆ ತಪ್ಪಿದರೆ, ರಕ್ತ ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗು ಒದೆಯುವುದು ಕಡಿಮೆಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.