300 ರೂಪಾಯಿಯಲ್ಲಿ ವಿಜಯಪುರ: ಬೆಳಿಗ್ಗೆ ಆರಕ್ಕೆ ಶುರು ಮಾಡಿ

ವಿಜಯಪುರಕ್ಕೆ ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬೆಳಿಗ್ಗೆ 6ಕ್ಕೆ ಗೋಳಗುಮ್ಮಟದ ಗೇಟಿನ ಮುಂದೆ ಇರಿ. ಉಳಿದ ಪ್ಲಾನ್ ಹೆಂಗಾದ್ರೂ ಆಗಲಿ. ಹತ್ತು ಗಂಟೆಗೆ ಹೋದರೆ ಪ್ರವಾಸಕ್ಕೆ ಬಂದ ನಾಲ್ಕು ಶಾಲೆಯ ಮಕ್ಕಳ ಕೂಗು ಕೇಳಿಸಿಕೊಂಡು ಇಳಿದು ಬರಬೇಕಾಗುತ್ತದೆ.

ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿರುವವಳು. ನಮ್ಮ ಲೆಕ್ಕ ಹೀಗೆ: ರಾತ್ರಿ ಬಸ್ ಹತ್ತಿದರೆ ಲಾಡ್ಜ್ ಖರ್ಚಿಲ್ಲ. ಸಾದಾ ಸರ್ಕಾರಿ ಬಸ್ಸಾದರೆ ಹುಡುಗಿಯರಿಗೆ ಟಿಕೆಟ್ಟೂ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಮರೀಬೇಡಿ, ಸ್ಲೀಪರ್ ಬಸ್ಸಿಗೆ ಈ ಯೋಜನೆ ನಡೆಯೋದಿಲ್ಲ. ಜೊತೆಗೆ ಬರುವ ಹುಡುಗರು ಹುಬ್ಬಳ್ಳಿಯಿಂದ ಗದಗ, ಬಾಗಲಕೋಟೆ ಮೇಲೆ ಹೋಗುವ ರೈಲಿನ ಜನರಲ್ ಬೋಗಿ ಹಿಡಿಯಲಿ, ಅದೇ ಅಗ್ಗ. ಬೆಂಗಳೂರಿನವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಸುತ್ತದೆ. ಸ್ಟೇಷನ್‌ನಿಂದ ಗುಮ್ಮಟ ಹತ್ತಿರವೇ. 6ಕ್ಕೆ ತಲುಪೋದು ಆಗದಿದ್ದರೂ ಮೊದಲು ಅಲ್ಲಿಗೇ ನಡೆಯಿರಿ.

ಟಿಕೆಟ್ ನಾನು ಹೋದಾಗ 25 ರೂಪಾಯಿ ಇತ್ತು, ಫೋನಿನಲ್ಲಿ ಕೊಟ್ಟರೆ 20. ಒಳಗೆ ಹೋದ ಮೇಲೆ ಸಮಾಧಿ ನೋಡೋಕೆ ನಿಲ್ಲಬೇಡಿ. ಸೀದಾ ಮೂಲೆಯ ಗೋಪುರದ ಮೆಟ್ಟಿಲು ಹತ್ತಿ. ಏಳು ಅಂತಸ್ತು, ಮೆಟ್ಟಿಲು ಕಿರಿದು, ಕೆಲವು ಮೊಣಕಾಲೆತ್ತರ. ಮೇಲೆ ಗುಮ್ಮಟದ ಒಳಸುತ್ತಿಗೆ ಒಂದು ಅಗಲವಾದ ಕಟ್ಟೆ. ಅದೇ ಪಿಸುಮಾತಿನ ಗ್ಯಾಲರಿ. ಅಲ್ಲಿ ಎಲ್ಲರೂ ಕೂಗುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಏಳು ಸಲ ಮಾರ್ದನಿ ಬಂತಾ ಎಂದು ಎಣಿಸುತ್ತಾರೆ. ನೀವು ಅದನ್ನು ಬಿಡಿ. ಒಬ್ಬರು ಗೋಡೆಗೆ ಕಿವಿ ಹಚ್ಚಿ ಕೂರಿ, ಇನ್ನೊಬ್ಬರು ಸರಿಯಾಗಿ ಎದುರಿನ ಗೋಡೆಗೆ ಹೋಗಲಿ. ನಡುವೆ ಹತ್ತಿರ ಹತ್ತಿರ 38 ಮೀಟರ್ ಬಯಲು. ಅಲ್ಲಿಂದ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸಾಕು. ನನ್ನ ರೂಮ್‌ಮೇಟ್ ಆ ಕಡೆ ಬಸ್ ಟಿಕೆಟ್ ಹರಿದಳು, ಆ ಚರ್ ಅನ್ನೋ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆಯಿತು. ಇದಕ್ಕೇ 6 ಗಂಟೆ ಅಂದದ್ದು.

ಇಳಿದು ಬಂದ ಮೇಲೆ ಕೆಳಗಿನ ಹಾಲ್‌ನಲ್ಲಿ ನಿಂತು ಮೇಲೆ ನೋಡಿ. ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳು ಚೌಕವನ್ನು ನಿಧಾನಕ್ಕೆ ದುಂಡಗೆ ಮಾಡುತ್ತವೆ, ಅದರ ಮೇಲೆ ಗುಮ್ಮಟ ಕೂತಿದೆ. ಇದನ್ನು ಕಟ್ಟಿಸಿದ ವಿಜಯಪುರದ ಸುಲ್ತಾನ ಮಹಮ್ಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡ, ಇಲ್ಲೇ ಮಲಗಿದ್ದಾನೆ. ಮುಂದಿರುವ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, ಟಿಕೆಟ್ ಐದೇ ರೂಪಾಯಿ, ಆದರೆ ಶುಕ್ರವಾರ ರಜೆ.

ಈ ಊರಿನ ಅನುಕೂಲ ಏನೆಂದರೆ ಗುಮ್ಮಟ ಪೂರ್ವದ ತುದಿ, ಇನ್ನೊಬ್ಬ ಸುಲ್ತಾನನ ಸಮಾಧಿಯಾದ ಇಬ್ರಾಹಿಂ ರೋಜಾ ಪಶ್ಚಿಮದ ತುದಿ. ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ನಡುವೆ. ಹಿಂದೆ ಬರುವ ಪ್ರಮೇಯವೇ ಇಲ್ಲ. ದಿನಕ್ಕಿಷ್ಟು ಅಂತ ಆಟೊ ಗೊತ್ತು ಮಾಡಿಕೊಂಡರೆ ದುಡ್ಡು ಅಲ್ಲೇ ಮುಗಿಯುತ್ತದೆ. ನಡೆಯಿರಿ, ಕಾಲು ನೋಯುತ್ತಿದ್ದರೆ ಸ್ಟೇಷನ್ ರೋಡಿನಲ್ಲಿ ಶೇರ್ ಆಟೊ ಹಿಡಿಯಿರಿ. ಟಾಂಗಾ ಸಿಕ್ಕರೆ ಮೊದಲು ರೇಟ್ ಮಾತಾಡಿ, ಆಮೇಲೆ ಹತ್ತಿ.

ಜಾಮಿಯಾ ಮಸೀದಿಗೆ ಬಿಸಿಲೇರುವ ಮೊದಲೇ ಹೋಗಿ. ಅಲ್ಲಿ ಟಿಕೆಟ್ ಇಲ್ಲ. ಮೈಮುಚ್ಚುವ ಬಟ್ಟೆ, ತಲೆಗೊಂದು ದುಪಟ್ಟಾ ಇರಲಿ, ನಮಾಜಿನ ಹೊತ್ತು ಬಿಟ್ಟು ಹೋಗಿ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2250 ಚೌಕ ಬರೆದಿದ್ದಾರೆ, ಅದು ಔರಂಗಜೇಬನ ಕಾಲದ ಕೆಲಸ ಅನ್ನುತ್ತಾರೆ. ಪ್ರವಾದಿಯ ಕೂದಲು ಇಟ್ಟಿದ್ದಾರೆ ಎನ್ನುವ ಆಸಾರ್ ಮಹಲಿನ ಒಳಕೋಣೆಗೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ. ಹುಡುಗರು ಒಳಗೆ ಹೋಗಿ ಬರುವಷ್ಟರಲ್ಲಿ ನಾವು ಹೊರಗಿನ ಆಳೆತ್ತರ ಮೀರಿದ ಮರದ ಕಂಬಗಳನ್ನೂ ಎದುರಿನ ಹೊಂಡವನ್ನೂ ನೋಡಿದೆವು. ನಿಜ ಹೇಳಬೇಕೆಂದರೆ ನೋಡುವಂಥದ್ದು ಹೊರಗೇ ಜಾಸ್ತಿ ಇತ್ತು! ಹಳೆಯ ಅರಮನೆ ಗಗನ ಮಹಲಿನ ಕಮಾನಿನ ಕೆಳಗೆ ಐದು ನಿಮಿಷ ಕೂರಿ. 1686ರಲ್ಲಿ ಕೊನೆಯ ಆದಿಲ್‌ಶಾಹಿ ಸುಲ್ತಾನ ಸಿಕಂದರ್ ಇಲ್ಲೇ ಔರಂಗಜೇಬನ ಮುಂದೆ ಶರಣಾದ ಎನ್ನುತ್ತಾರೆ. ಬಾರಾ ಕಮಾನ್ ಹತ್ತಿರದಲ್ಲೇ ಇದೆ, ಎರಡನೆಯ ಅಲಿ ಆದಿಲ್‌ಶಾಹನ ಮುಗಿಯದ ಸಮಾಧಿ. ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತೆ ಅಂತ ನಿಲ್ಲಿಸಿದರು ಎನ್ನುವ ಕಥೆ ಗೈಡುಗಳು ಹೇಳುತ್ತಾರೆ. ಎರಡರ ನಡುವಿನ ದೂರ ನಡೆದು ನೋಡಿದವರು ಅದನ್ನು ನಂಬುವುದು ಕಷ್ಟ.

ಮಧ್ಯಾಹ್ನ ಹೊರಗೆ ಸುತ್ತಬೇಡಿ. ಬಸ್‌ಸ್ಟ್ಯಾಂಡ್, ಗಾಂಧಿ ಚೌಕದ ಸುತ್ತ ಖಾನಾವಳಿಗಳಿವೆ. ಎಸಿ ಬೋರ್ಡ್ ಇರುವುದನ್ನು ಬಿಟ್ಟು ಒಳಗಿಂದ ರೊಟ್ಟಿ ಬಡಿಯುವ ಸದ್ದು ಬರುವ ಕಡೆ ಹೋಗಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಕಚ್ಚೋಕೆ ಉಳ್ಳಾಗಡ್ಡಿ. ಕೂರುವ ಮೊದಲೇ "ರೊಟ್ಟಿ ಎಷ್ಟ್ ಬೇಕಾದ್ರೂ ಕೊಡ್ತೀರೇನ್ರಿ?" ಎಂದು ಕೇಳಿಬಿಡಿ, ನಾಚಿಕೆ ಬೇಡ. ಹೌದೆಂದರೆ ರಾತ್ರಿಗೆ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಸಾಕಾಗುತ್ತದೆ.

ಬಿಸಿಲು ಇಳಿದ ಮೇಲೆ ಪಶ್ಚಿಮಕ್ಕೆ. ಉಪ್ಪಲಿ ಬುರುಜಿಗೆ ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಏರುತ್ತವೆ. ಮೇಲೆ ನಿಂತರೆ ಬೆಳಿಗ್ಗೆ ಎಲ್ಲಿಂದ ನಡೆದು ಬಂದಿರಿ ಅನ್ನುವುದು ಪೂರಾ ಕಾಣುತ್ತದೆ. ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು ಹತ್ತಿರ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ. ಎಲ್ಲರೂ ಪಕ್ಕದಲ್ಲಿ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೀವು ಬಾಯಿಯ ಕಡೆಗೆ ಬನ್ನಿ. ತೋಪಿನ ಬಾಯಿ ಸಿಂಹದ ಬಾಯಿ, ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಅಂಗೈ ಅಷ್ಟೇ ಇರುವ ಆನೆ. ಆ ಕಡೆಯಿಂದ ನಿಂತವನಿಗೆ ಗುಂಡು ಬರುವ ಮೊದಲು ಇದೇ ಕಾಣಬೇಕು ಅಂತ ಮಾಡಿದ್ದಿರಬೇಕು.

ದಾರಿಯಲ್ಲಿ 1620ರ ತಾಜ್ ಬಾವಡಿ ನೋಡಿ. ಬಾವಿ ಅಂದರೆ ಬಾವಿಯಲ್ಲ, ಕೆರೆಯಷ್ಟಿದೆ. ಆಮೇಲೆ ಇಬ್ರಾಹಿಂ ರೋಜಾ, ಇನ್ನೊಂದು ಟಿಕೆಟ್. ಗೋಳಗುಮ್ಮಟ, ಇದು ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಒಂದೇ ಜಗಲಿಯ ಮೇಲೆ ಸಮಾಧಿ, ಮಸೀದಿ ಎದುರು ಬದುರು. ಇಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಹಾಡುಗಾರ, ಸರಸ್ವತಿಯನ್ನು ನೆನೆದು ಹಾಡು ಬರೆದ ಸುಲ್ತಾನ. ಜನ ಅವನನ್ನು ಜಗದ್ಗುರು ಎಂದೇ ಕರೆಯುತ್ತಿದ್ದರು. ಸಮಾಧಿಯ ಕಿಟಕಿಗಳನ್ನು ಹತ್ತಿರದಿಂದ ನೋಡಿ. ಜಾಲರಿ ಅಂದುಕೊಂಡದ್ದು ಅಕ್ಷರಗಳು, ಕಲ್ಲನ್ನೇ ಬರಹವಾಗಿ ಕೊರೆದಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಚಪ್ಪಲಿ ಬಿಡಬೇಕು, ಕಲ್ಲು ಸಂಜೆಯವರೆಗೂ ಕಾದಿರುತ್ತದೆ. ಬ್ಯಾಗಿನಲ್ಲಿ ಒಂದು ಜೊತೆ ಸಾಕ್ಸ್ ಇರಲಿ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಈ ನಡಿಗೆ ಆಗದು. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಜಾತ್ರೆ ನೋಡುವ ಆಸೆಯಿದ್ದರೆ ಸರಿ, ಇಲ್ಲದಿದ್ದರೆ ಆ ವಾರ ಲಾಡ್ಜ್, ಬಸ್ ಸೀಟು ಎರಡಕ್ಕೂ ಪರದಾಟ. ಹುಬ್ಬಳ್ಳಿ ಕಡೆಗೆ ವಾಪಸ್ ಹೋಗುವವರು ಕತ್ತಲಾಗುವ ಮೊದಲೇ ಬಸ್ ಹಿಡಿದರೆ ಕೊಲ್ಹಾರದಲ್ಲಿ ಗಡಿಗೆ ಮೊಸರು ಸಿಗುತ್ತದೆ. ಹತ್ತಿಪ್ಪತ್ತು ರೂಪಾಯಿ ಚಿಲ್ಲರೆ ಕೈಯಲ್ಲೇ ಇಟ್ಟುಕೊಂಡಿರಿ, ಬಸ್ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.